ಒಣಗದ ಸಾಲು

“ಯಾರ ಮಾತಪ್ಪ ಇದು?”

ವಾರಿಜ ಇದನ್ನು ನನ್ನನ್ನು ನೋಡಿ ಕೇಳಿದ್ದಲ್ಲ. ಕಾಲೇಜಿನ ಗ್ರಂಥಾಲಯದ ಹಿಂದಿನ ಜಗಲಿಯಲ್ಲಿ ನಿಂತು, ಕೈಯಲ್ಲಿದ್ದ ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದು, ಬರೀ ಗಾಳಿಯನ್ನು ಕೇಳಿದಳು. ಹಾಳೆಯ ನಡುವೆ ಒಂದು ಸಾಲು ಈಗಷ್ಟೇ ಬರೆದ ಹಾಗೆ ಮಿಂಚುತ್ತಿತ್ತು. ಅದನ್ನು ಬರೆದು ಹನ್ನೊಂದು ದಿನವಾಗಿತ್ತು.

ನಾನು ಆ ಜಗಲಿಯ ಮೂಲೆಯಲ್ಲಿ ಕೂತು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಹೆಸರು ಚೆಲುವಯ್ಯ. ಅಂಟು, ದಾರ, ದಬ್ಬಣ, ಕಿವಿಯ ಮೇಲೊಂದು ಪೆನ್ಸಿಲ್, ಮೂವತ್ತೆಂಟು ವರ್ಷದಿಂದ ಇಷ್ಟರಲ್ಲೇ ನನ್ನ ಬದುಕು. ಮಾತು ಕಡಿಮೆ. ಚಿಕ್ಕಂದಿನಿಂದ ಸಂಜೆಯಾದರೆ ಗುಡಿಯ ಮಂಟಪದಲ್ಲಿ ಕಾವ್ಯ ಓದುವುದನ್ನು ಕೇಳುತ್ತಾ ಬೆಳೆದೆ. ಕೆಲವರು ಹೂವು ಏರಿಸುತ್ತಾರೆ, ಕೆಲವರು ದೀಪ ಹಚ್ಚುತ್ತಾರೆ, ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ದೇವರಿಗೆ ನನ್ನಿಂದ ಸಂದದ್ದು ಅದೊಂದೇ.

ನಮ್ಮೂರಿನಲ್ಲಿ ಇನ್ನೊಬ್ಬರ ಮಾತನ್ನು ಅವರ ಹೆಸರಿಲ್ಲದೆ ಬರೆದರೆ ಶಾಯಿ ಒಣಗುವುದಿಲ್ಲ. ಹೆಸರು ಬರೆಯುವುದಕ್ಕೆ ನಾವು ಅಂಕಿತ ಹಾಕುವುದು ಎನ್ನುತ್ತೇವೆ. ಪದ ಹಾಡುವವರು ಕೊನೆಯಲ್ಲಿ ತಮ್ಮ ದೇವರ ಹೆಸರು ಸೇರಿಸುತ್ತಾರಲ್ಲ, ಹಾಗೆ. ನಮ್ಮಲ್ಲಿ ಮದುವೆಯ ಕರೆಯೋಲೆಯ ಕೆಳಗೂ ಒಕ್ಕಣೆ ಯಾರದೆಂದು ಇರುತ್ತದೆ. ಪುರಸಭೆಯ ಅಧ್ಯಕ್ಷರು ಭಾಷಣದ ಹಾಳೆಯನ್ನು ಎರಡು ಬೆರಳಲ್ಲಿ ದೂರ ಹಿಡಿದು ಓದುತ್ತಾರೆ. ಅವರ ಬಿಳಿ ಅಂಗಿಯ ತೋಳಿನಲ್ಲಿ ಯಾವಾಗಲೂ ನೀಲಿ ಕಲೆ. ನಮ್ಮ ಬೀದಿಯ ಹೊಸ ಸೊಸೆಯೊಬ್ಬಳು ಸಾರಿನ ಪುಡಿಯ ಅಳತೆ ಬರೆದಿಟ್ಟು, ಕೆಳಗೆ ಭಕ್ತಿಯಿಂದ ಅತ್ತೆಯ ಹೆಸರು ಹಾಕಿದಳು. ವಾರ ಕಳೆದರೂ ಹಾಳೆ ಒದ್ದೆ. ಆ ಅತ್ತೆ ಅದನ್ನು ಎದುರುಮನೆಯಾಕೆಯಿಂದ ಕಲಿತದ್ದೆಂದು ಇಡೀ ಬೀದಿಗೆ ಗೊತ್ತಾಯಿತು. ಬೆಂಕಿ ಸುಡುತ್ತದೆ, ಭಾನುವಾರ ರಜೆ, ಇಂಥವು ಯಾರ ಹೆಸರೂ ಬೇಡದೆ ಒಣಗುತ್ತವೆ. ಎಲ್ಲರಿಗೂ ಗೊತ್ತಿರುವುದಕ್ಕೆ ಒಡೆಯರಿಲ್ಲ.

ಕಾಲೇಜಿನಲ್ಲಿ ಮಾತ್ರ ಇದು ದಿನನಿತ್ಯದ ಪರದಾಟ. ಒಮ್ಮೆ ಅಚ್ಚಿನ ಯಂತ್ರ ತಂದಿದ್ದರು. ಮೊದಲ ತಿಂಗಳಲ್ಲೇ ಹುಡುಗರ ಪ್ರಬಂಧಗಳ ಹಾಳೆಗಳು ಒಳಗೆ ಒಂದಕ್ಕೊಂದು ಅಂಟಿಕೊಂಡು ಯಂತ್ರ ನಿಂತುಹೋಯಿತು. ಅಂದಿನಿಂದ ಎಲ್ಲ ಕೈಬರಹವೇ. ಪ್ರಬಂಧಗಳನ್ನು ತೆಗೆದುಕೊಳ್ಳುವ ಕಿಟಕಿಯಲ್ಲಿ ರೇವಮ್ಮ ಕೂರುತ್ತಾರೆ. ಬಿಳಿ ಹತ್ತಿಬಟ್ಟೆಯನ್ನು ಪ್ರತಿ ಪುಟದ ಮೇಲೂ ಒತ್ತಿ ನೋಡುತ್ತಾರೆ. ಬಟ್ಟೆಗೆ ನೀಲಿ ಹತ್ತಿದರೆ ಪ್ರಬಂಧ ವಾಪಸ್ಸು.

“ಪುಸ್ತಕದ ಹೆಸರು ಬರ್ದು ಪುಟ ಬಿಟ್ಟಿದೀಯ. ನೋಡು, ಕೊನೇ ಅಕ್ಷರ ಹಸಿ ಇದೆ,” ಎನ್ನುತ್ತಾರೆ ಒಬ್ಬನಿಗೆ. ಇನ್ನೊಬ್ಬ, “ನಾನು ಪದ ಎಲ್ಲಾ ಬದಲಾಯಿಸಿದೀನಿ ಮೇಡಂ, ಒಂದೂ ಅವರದಲ್ಲ,” ಎಂದು ವಾದಿಸಿದರೆ, “ಪಕ್ಕದ ಮನೆ ಹಸೂಗೆ ಬಣ್ಣ ಬಳ್ದು ನಿಮ್ಮ ಕೊಟ್ಟಿಗೇಲಿ ಕಟ್ಕೊಂಡ್ರೆ ಅದು ನಿಮ್ಮನೆ ಹಸು ಆಗತ್ತೇನಪ್ಪ? ಹೋಗು, ಅಂಕಿತ ಹಾಕ್ಕೊಂಡ್ ಬಾ,” ಎಂದು ಕಳಿಸುತ್ತಾರೆ.

ವಾರಿಜಳಿಗೆ ಇಂಥ ಮಾತು ಕೇಳುವ ಪ್ರಸಂಗ ಎಂದೂ ಬಂದಿರಲಿಲ್ಲ. ಇನ್ನೊಬ್ಬರ ಸಾಲನ್ನು ಇದ್ದ ಹಾಗೆ ತಂದರೆ ಉದ್ಧರಣ ಚಿಹ್ನೆ, ಸಾರ ಮಾತ್ರ ತಂದರೂ ಅಡಿಟಿಪ್ಪಣಿ, ಲೇಖಕರು, ಪುಸ್ತಕ, ವರ್ಷ, ಪುಟ. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರ ಮಾತು ಸಿಕ್ಕರೆ ಇಬ್ಬರ ಹೆಸರೂ. ರಟ್ಟಿನ ಚೀಟಿಗಳಲ್ಲಿ ಎಲ್ಲ ಬರೆದು, ದಾರ ಕಟ್ಟಿ, ಚಪ್ಪಲಿಯ ಹಳೇ ಡಬ್ಬದಲ್ಲಿ ಜೋಡಿಸಿಟ್ಟಿದ್ದಳು. ಮುನ್ನೂರು ಪುಟದ ಮಹಾಪ್ರಬಂಧ ಅವಳದು. ವಿಷಯ, ಕಾವ್ಯವಾಚನವನ್ನು ಕೇಳುವವರು. ಓದುವವರ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ, ಕೇಳುವವರ ಬಗ್ಗೆ ಒಂದೂ ಇಲ್ಲ ಎಂದು ಶುರು ಮಾಡಿದವಳು. ಐದು ವರ್ಷದ ಅವಧಿ ಮುಗಿದು, ಕೊಟ್ಟಿದ್ದ ಎರಡು ವಿಸ್ತರಣೆಯೂ ಮುಗಿದು, ಇವತ್ತು ಸಂಜೆ ಐದಕ್ಕೆ ಕಡೆಯ ಗಡುವು. ಕಿಟಕಿ ಮುಚ್ಚಿದರೆ ನೋಂದಣಿ ರದ್ದು. ಏಳು ವರ್ಷದ ಓದು ಮತ್ತೆ ಮೊದಲ ಪುಟದಿಂದ.

“ಏನಾಯ್ತು ವಾರಿಜಮ್ಮ?” ಎಂದೆ.

“ನೂರಹನ್ನೆರಡನೇ ಪುಟ ಒಣಗ್ತಿಲ್ಲ, ಚೆಲುವಯ್ಯನೋರೆ. ನಿಬ್ಬು ದಪ್ಪ ಆಯ್ತೇನೋ ಅಂತ ಬಿಸಿಲಿಗಿಟ್ಟೆ, ಫ್ಯಾನ್ ಕೆಳಗಿಟ್ಟೆ. ಮಿಕ್ಕಿದ್ದೆಲ್ಲಾ ಕರಕಲಾಗೋ ಹಾಗೆ ಒಣಗಿದೆ. ಇದೊಂದು ಸಾಲು ಮಾತ್ರ ನೋಡಿ.”

ನೋಡಿದೆ. ಆ ಸಾಲು ಅವಳಿಗೆ ಕೊಟ್ಟದ್ದು ನಾನೇ.

‘ಓದುವವನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಪದ್ಯ ಕೇಳುವವನ ಕೈಯಲ್ಲಿರುತ್ತದೆ.’

ಕೆಳಗೆ ಅವಳ ಅಂಕಿತ ಸರಿಯಾಗೇ ಇತ್ತು: ಮರಿಸ್ವಾಮಯ್ಯನವರ ಮಾತು, ಮೌಖಿಕ.

ಮರಿಸ್ವಾಮಯ್ಯನವರು ನನ್ನ ಗುರುಗಳು. ಅವರು ನನಗೆ ಓದುವುದನ್ನು ಕಲಿಸಲಿಲ್ಲ, ನನ್ನ ಗಂಟಲು ಅದಕ್ಕಲ್ಲ. ಇಪ್ಪತ್ತಾರು ವರ್ಷ ಅವರು ಓದಿದರು, ನಾನು ಕೇಳಿದೆ. ಅವರು ತೀರಿಕೊಂಡ ಮೇಲೆ ಅವರ ಮಾತುಗಳು ಮರೆತುಹೋದಾವೆಂಬ ಭಯಕ್ಕೆ, ರಟ್ಟಿನ ಚೂರುಪಾರು ಸೇರಿಸಿ ಒಂದು ಪುಸ್ತಕ ಕಟ್ಟಿ, ನೆನಪಿದ್ದಷ್ಟನ್ನೂ ಬರೆದಿಟ್ಟೆ. ಪೆನ್ಸಿಲ್‌ನಲ್ಲಿ. ನಮ್ಮೂರಿನಲ್ಲಿ ಅಂಜುಬುರುಕರೆಲ್ಲ ಪೆನ್ಸಿಲ್‌ನವರೇ. ಪೆನ್ಸಿಲ್ಲಿಗೆ ಒದ್ದೆ ಒಣ ಅಂತಿಲ್ಲ, ಬರೆದದ್ದು ಹೇಗಿದೆಯೋ ಹಾಗಿರುತ್ತದೆ. ವಾರಿಜ ಮೂರು ವರ್ಷದ ಹಿಂದೆ ಬಂದು ಕೇಳಿದಾಗ ಆ ಪುಸ್ತಕ ಕೊಟ್ಟು, “ನನ್ನ ಹೆಸರು ಎಲ್ಲೂ ಬೇಡಮ್ಮ, ಗುರುಗಳದ್ದಷ್ಟೇ ಸಾಕು,” ಎಂದಿದ್ದೆ. ಅವಳು ಒಪ್ಪಿದ್ದಳು.

“ಈ ಸಾಲನ್ನ ಬಿಟ್ಟುಬಿಟ್ರೆ?” ಎಂದೆ.

“ನಾಕನೇ ಅಧ್ಯಾಯ ಪೂರ್ತಿ ಇದರ ಮೇಲೇ ನಿಂತಿದೆ. ಇದನ್ನ ತೆಗೆದ್ರೆ ನಲವತ್ತು ಪುಟ ಯಾತರ ಬಗ್ಗೆ ಅಂತ ನನಗೇ ಗೊತ್ತಾಗಲ್ಲ.” ಅವಳು ಡಬ್ಬದಿಂದ ಚೀಟಿ ಎಳೆದಳು. “ನೋಡಿ, ನಿಮ್ಮ ಪುಸ್ತಕದಿಂದ್ಲೇ ಬರ್ಕೊಂಡಿದ್ದು. ಗುರುಗಳು ಬೇರೆ ಯಾವುದಾದ್ರೂ ಗ್ರಂಥದಿಂದ ತಗೊಂಡಿದ್ರಾ?”

ಗಂಟೆ ಹನ್ನೊಂದು. ನಾವಿಬ್ಬರೂ ಗ್ರಂಥಾಲಯದ ಒಳಹೊಕ್ಕೆವು. ವಾಚನದ ಬಗ್ಗೆ ಇದ್ದ ಪುಸ್ತಕಗಳೆಲ್ಲ ನಾನೇ ರಟ್ಟು ಕಟ್ಟಿದವು. ಯಾವುದು ಯಾವ ಬೀರುವಿನಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲೆ, ಒಳಗೇನಿದೆಯೆಂದು ಮಾತ್ರ ತಿಳಿಯದು. ಅವಳು ಪುಟ ತಿರುವುತ್ತಾ ಹೋದಳು, ನಾನು ತೆಗೆದು ಕೊಡುತ್ತಾ ಹೋದೆ. ಉಸಿರಿನ ಬಗ್ಗೆ ಎಲ್ಲರೂ ಬರೆದಿದ್ದರು. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು, ಪದ ಮುರಿಯದಂತೆ ಉಸಿರು ಹೇಗೆ ಕದಿಯಬೇಕು. ಕೇಳುವವನ ಕೈಯ ಸುದ್ದಿ ಎಲ್ಲೂ ಇರಲಿಲ್ಲ. ಎರಡು ಗಂಟೆ ಹೊಡೆಯಿತು. ನನ್ನ ಬುತ್ತಿಯ ಅವಲಕ್ಕಿಯನ್ನು ಇಬ್ಬರೂ ತಿಂದೆವು. ಅವಳು ಬಾಯಿಗೆ ಹಾಕಿಕೊಂಡದ್ದನ್ನು ಅಗಿಯಲು ಮರೆತು ಕೂತಿದ್ದಳು.

“ಮೂವತ್ತೈದಾಯ್ತು ನನಗೆ,” ಎಂದಳು. “ನಮ್ಮಮ್ಮ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಕಳಿಸಿದ್ರು, ಸ್ಕೂಲಿಗೆ ಹೋಗೋ ಮಗೂಗೆ ಹಚ್ಚೋ ಹಾಗೆ. ಇವತ್ತು ಮುಗೀತು, ಇನ್ನು ನೀನು ಮನೇಲಿ ರಾತ್ರಿಯೆಲ್ಲಾ ಲೈಟ್ ಉರಿಸಲ್ಲ ಅಂತ ಖುಷಿ ಅವರಿಗೆ.”

ಸ್ವಾಮಿ, ನನ್ನ ಪುಸ್ತಕದಿಂದ ಈ ಮಗುವಿಗೆ ಕೇಡಾಗದಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವಳು ತಟ್ಟನೆ ಕೈ ಒರೆಸಿಕೊಂಡಳು. “ಒಂದು ಮಾಡೋಣ. ಅವರ ಬಾಯಿಂದ ನಾನು ಕೇಳಿಲ್ಲ, ಕೇಳಿದ್ದು ನೀವು. ನಾನು ಓದಿದ್ದು ನಿಮ್ಮ ಬರಹ. ಕಂಡಿದ್ದನ್ನ ಕಂಡಲ್ಲಿಂದ್ಲೇ ಹೇಳ್ಬೇಕು, ಅದು ನಿಯಮ. ನೀವು ಹೆಸರು ಬೇಡ ಅಂದ್ರಿ, ನಾನು ನಿಯಮ ಬಿಟ್ಟೆ. ತಪ್ಪು ನಂದೇ. ಈಗ ನಿಮ್ಮ ಹೆಸರು ಹಾಕ್ಲೇಬೇಕು, ಬೈಬೇಡಿ.”

ಬೈಯಲು ನಾನು ಯಾರು? ಅವಳು ಅಡಿಟಿಪ್ಪಣಿಗೆ ಗೆರೆ ಎಳೆದು ಬೇರೆ ಬರೆದಳು: ಮರಿಸ್ವಾಮಯ್ಯನವರ ಮಾತು, ಚೆಲುವಯ್ಯನವರ ಹಸ್ತಪ್ರತಿಯಿಂದ. ಇಬ್ಬರೂ ಬಗ್ಗಿ ಸಾಲನ್ನೇ ದಿಟ್ಟಿಸಿದೆವು. ಮಿಂಚು ಸ್ವಲ್ಪ ಕುಂದಿತು. ಅವಳು ಬೆರಳ ತುದಿ ಇಟ್ಟು ತೆಗೆದಳು. ಬೆರಳಿಗೆ ಶಾಯಿ ಹತ್ತಲಿಲ್ಲ, ಆದರೆ ಹಾಳೆ ಬೆರಳನ್ನು ಹಿಡಿದುಕೊಂಡಿತು. ಹಲಸಿನ ಅಂಟಿನ ಹಾಗೆ.

ನನ್ನ ಮೂವತ್ತೆಂಟು ವರ್ಷದಲ್ಲಿ ಒದ್ದೆ ಪುಟ ಕಂಡಿದ್ದೇನೆ, ಒಣ ಪುಟ ಕಂಡಿದ್ದೇನೆ. ಅಂಟುವ ಪುಟ ಕಂಡಿರಲಿಲ್ಲ.

ಓಡಿಹೋಗಿ ರೇವಮ್ಮನಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ, ಬಟ್ಟೆ ಒತ್ತಿ, ಎಳೆದರು. ಬಟ್ಟೆಯ ಜೊತೆ ಪುಟವೂ ಎದ್ದು ಬಂತು. “ಇದು ತಗೊಳ್ಳಕ್ಕಾಗಲ್ಲಮ್ಮ. ಹೆಸರು ಸರಿ ಇದೆ, ಕೂತಿರೋ ಜಾಗ ಸರಿ ಇಲ್ಲ ಅನ್ಸತ್ತೆ. ನಮ್ಮ ಸೋದರಮಾವ ಒಂದ್ಸಲ ಕಾಗದದಲ್ಲಿ ಯಾರು ಯಾರಿಗೆ ಹೇಳಿದ್ರು ಅನ್ನೋದನ್ನ ಅದಲು ಬದಲು ಬರ್ದಿದ್ರು, ಹಿಂಗೇ ಆಗಿತ್ತು.” ಗಡಿಯಾರ ನೋಡಿದರು. “ಮೂರೂಕಾಲು. ಆ ಗುರುಗಳ ಮನೇಲಿ ಯಾರೂ ಇಲ್ವಾ?”

ಇದ್ದರು. ನೀಲಮ್ಮನವರು, ಗುರುಗಳ ಹೆಂಡತಿ. ಎಂಬತ್ತು ದಾಟಿದೆ. ಮನೆ ಗುಡಿಯ ಕೊಳದ ಹಿಂದಿನ ಬೀದಿ. ನಡೆದರೆ ಕಾಲು ಗಂಟೆ, ವಾರಿಜ ನಡೆಸಿದ ನಡಿಗೆಯಲ್ಲಿ ಎಂಟು ನಿಮಿಷ.

ನೀಲಮ್ಮನವರು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. “ಏನೋ ಚೆಲುವಯ್ಯ, ಹಬ್ಬಕ್ಕೆ ಬಾ ಅಂದ್ರೆ ಬರಲ್ಲ, ಬೇಡ ಅಂದ ದಿನ ಬರ್ತೀಯ. ಯಾರೋ ಈ ಹುಡುಗಿ? ಕೂತ್ಕೊಳಮ್ಮ. ಸುಮ್ನೆ ಕೂರ್ಬೇಡ, ಸುಲಿ,” ಎಂದು ಒಂದು ಹಿಡಿ ಕಾಯಿ ವಾರಿಜಳ ಮುಂದೆ ಸುರಿದರು.

ವಾರಿಜ ಸುಲಿಯುತ್ತಲೇ ಬಂದ ಕಾರಣ ಹೇಳಿದಳು. ಸಾಲನ್ನು ಬಾಯಲ್ಲಿ ಒಪ್ಪಿಸಿದಳು. ನೀಲಮ್ಮನವರು ಬೆರಳು ನಿಲ್ಲಿಸಿ ಕೇಳಿ, ನಕ್ಕುಬಿಟ್ಟರು.

“ಇದು ನಮ್ಮೆಜಮಾನರ ಮಾತಾ? ಅಯ್ಯೋ, ಉಸಿರು ತಗೊಂಡಿದ್ದು ಎದುರು ಕೂತೋರಿಗೆ ಗೊತ್ತಾಗಬಾರದು ಅಂತ ಜೀವನಪೂರ್ತಿ ಒದ್ದಾಡಿದೋರು ಅವರು. ಬೆಳಿಗ್ಗೆ ಎದ್ದು ಬಾವಿಕಟ್ಟೆ ಮೇಲೆ ಅದನ್ನೇ ಸಾಧನೆ ಮಾಡೋರು. ಉಸಿರಾಡೋದನ್ನ ಮುಚ್ಚಿಡೋ ಮನುಷ್ಯ, ಆ ಹೊತ್ತಲ್ಲಿ ಪದ್ಯ ಇನ್ನೊಬ್ಬರ ಕೈಲಿರತ್ತೆ ಅಂತ ಹೇಳ್ತಾರಾ? ಅದನ್ನ ಕೇಳೋನು ಹೇಳ್ಬೇಕು.” ಅವರು ನನ್ನ ಕಡೆ ತಿರುಗಿದರು. “ನೀನೇ ಅಲ್ವೇನೋ ಹೇಳಿದ್ದು?”

“ನಾನು… ಹೇಳಿದ್ದೆ ಅಮ್ಮ,” ಎಂದೆ. “ಆದ್ರೆ ಅದು ಅವರದ್ದೇ ಇರ್ಬೇಕು.”

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಗುರುಗಳಿಗೆ ಕೆಮ್ಮು. ಪದ್ಯದ ನಡುವೆ ದನಿ ಕಟ್ಟಿ ಬಹಳ ಹೊತ್ತು ನಿಂತುಬಿಟ್ಟರು. ಮಂಟಪದಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಮುಗಿದ ಮೇಲೆ ಶಾಲು ಮಡಚುತ್ತಾ, “ಇವತ್ತು ಪದ್ಯ ನನ್ನ ಕೈಯಿಂದ ಬಿದ್ದುಹೋಯ್ತಲ್ಲ ಚೆಲುವಯ್ಯ,” ಎಂದರು. ಅವರ ಮುಖ ನೋಡಲಾರದೆ ನಾನು ಆ ಮಾತು ಆಡಿದೆ. ಆಡಿದ ಮೇಲೆ ನಾಚಿಕೆಯಾಗಿ ಓಡಿಬಂದೆ. ಮರುದಿನ ಬೆಳಿಗ್ಗೆ ಅವರ ಮನೆಯ ಜಗಲಿ ಹತ್ತುವಾಗ ಒಳಗೆ ಅದೇ ಸಾಲು ಅವರ ದನಿಯಲ್ಲಿ ಕೇಳಿಸಿತು. ಅಷ್ಟು ತುಂಬಿದ ದನಿಯಲ್ಲಿ ಕೇಳಿದ ಮೇಲೆ ಅದು ನನ್ನದಾಗಿರಲು ಹೇಗೆ ಸಾಧ್ಯ? ಅವರಿಂದ ಎಂದೋ ಕೇಳಿ ಮರೆತದ್ದು ನಿನ್ನೆ ನನ್ನ ಬಾಯಿಗೆ ಬಂದಿರಬೇಕು ಎಂದುಕೊಂಡೆ. ನನಗೆ ನನ್ನದೇ ಎಂಬ ಮಾತು ಇದ್ದುದೇ ಇಲ್ಲ. ಕೇಳಿದ್ದರಲ್ಲೇ ಬದುಕಿದವನು ನಾನು.

ಇದನ್ನೆಲ್ಲ ತಡವರಿಸುತ್ತಾ ಹೇಳಿದೆ. ನೀಲಮ್ಮನವರು ಹಣೆ ಚಚ್ಚಿಕೊಂಡರು.

“ಆವತ್ತು ನನಗೇ ಕಣೋ ಹೇಳ್ತಿದ್ದಿದ್ದು! ಕೊನೆಗೆ ಅಂಕಿತಾನೂ ಹೇಳಿದ್ರು. ನಿನಗೆ ಕೇಳಿಸಲಿಲ್ವಾ?”

“ಬೀದಿಯಲ್ಲಿ ಸೊಪ್ಪಿನವಳು ಕೂಗ್ತಿದ್ದಳಮ್ಮ.”

“ಸೊಪ್ಪಿನವಳು!” ನೀಲಮ್ಮನವರು ಮೊರ ಸರಿಸಿ ಎದ್ದರು. “ಇಪ್ಪತ್ತಾರು ವರ್ಷ ಕೇಳಿದೋನು ಅದೊಂದನ್ನ ಮಾತ್ರ ಕೇಳಿಸ್ಕೊಳಲಿಲ್ಲ. ಇರು.”

ಒಳಗಿನಿಂದ ಗುರುಗಳು ಓದುತ್ತಿದ್ದ ಕಾವ್ಯದ ಪುಸ್ತಕ ತಂದರು. ಕೆಂಪು ಬಟ್ಟೆಯ ರಟ್ಟು, ನಾನೇ ಕಟ್ಟಿದ್ದು. ಅವರು ತೀರಿಕೊಂಡ ಮೇಲೆ ಅದನ್ನು ಮುಟ್ಟುವ ಧೈರ್ಯ ನನಗಾಗಿರಲಿಲ್ಲ. ನಡುವೆ ನವಿಲುಗರಿ ಇಟ್ಟ ಪುಟವನ್ನು ತೆರೆದು ವಾರಿಜಳ ತೊಡೆಯ ಮೇಲಿಟ್ಟರು. ಪದ್ಯದ ಪಕ್ಕ, ಅಂಚಿನಲ್ಲಿ, ಗುರುಗಳ ಗುಂಡನೆಯ ಅಕ್ಷರ.

‘ಓದುವವನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಪದ್ಯ ಕೇಳುವವನ ಕೈಯಲ್ಲಿರುತ್ತದೆ. ಚೆಲುವಯ್ಯನ ಮಾತು.’

ಶಾಯಿಯಲ್ಲಿ ಬರೆದಿದ್ದರು. ವಾರಿಜ ಅದರ ಮೇಲೆ ಬೆರಳು ಸವರಿದಳು. ಒಣಗಿ ಕಾಗದದೊಳಕ್ಕೆ ಇಳಿದುಹೋಗಿತ್ತು.

“ದೇವರ ಪುಸ್ತಕದಲ್ಲಿ ಗೀಚ್ತೀರಲ್ಲ ಅಂತ ನಾನು ಬೈದೆ,” ಎಂದರು ನೀಲಮ್ಮನವರು. “ಇದೂ ಇಲ್ಲೇ ಇರ್ಬೇಕಾದ್ದು ಕಣೇ ಅಂದ್ರು. ಆಮೇಲೆ ಓದುವಾಗ ಆ ಪುಟ ಬಂದ್ರೆ ಸಾಕು, ಬೇಕು ಅಂತ್ಲೇ ಉಸಿರು ತಗೊಂಡು ನಿಲ್ಲೋರು. ಚೆಲುವಯ್ಯ ಹಿಡ್ಕೊಂಡಿರ್ತಾನೆ ಬಿಡು ಅನ್ನೋರು ಮನೇಲಿ. ನಿನಗೆ ಗೊತ್ತಿರತ್ತೆ ಅಂತ ನಾವಿಬ್ರೂ ಅಂದ್ಕೊಂಡಿದ್ವಿ.”

ನನಗೆ ಗೊತ್ತಿರಲಿಲ್ಲ. ಆದರೆ ಆ ನಿಲುಗಡೆ ಗೊತ್ತಿತ್ತು. ಅವರ ಕೊನೆಯ ವರ್ಷಗಳಲ್ಲಿ ಆ ಒಂದು ಪದ್ಯದಲ್ಲಿ ಮಾತ್ರ ಅವರು ನಿಂತು, ಕಂಬದ ಕಡೆ ಒಮ್ಮೆ ನೋಡಿ, ಮುಂದುವರಿಯುತ್ತಿದ್ದರು. ವಯಸ್ಸಾಯಿತು, ದಣಿವು ಎಂದುಕೊಂಡು ನಾನು ಪ್ರತಿಸಲವೂ ಮುಂದಿನ ಸಾಲನ್ನು ಮನಸ್ಸಿನಲ್ಲಿ ಹಿಡಿದು ಕಾಯುತ್ತಿದ್ದೆ. ಅವರು ನನ್ನನ್ನು ನಂಬಿ ನಿಲ್ಲುತ್ತಿದ್ದರೆಂದು ತಿಳಿದದ್ದು ಈ ಮಧ್ಯಾಹ್ನ, ಅವರೆಕಾಯಿಯ ಸಿಪ್ಪೆಗಳ ನಡುವೆ. ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡೆ. ವಾರಿಜ ನೋಡದವಳ ಹಾಗೆ ಇನ್ನೆರಡು ಕಾಯಿ ಸುಲಿದಳು.

ಆಮೇಲೆ ಅಲ್ಲೇ, ಮೊರದ ಬೆನ್ನ ಮೇಲೆ ಹಾಳೆ ಇಟ್ಟು, ಪೆನ್ನಿನ ಟೊಪ್ಪಿ ತೆಗೆದು, ಅಡಿಟಿಪ್ಪಣಿಗೆ ಎರಡನೇ ಸಲ ಗೆರೆ ಎಳೆದಳು. ಬರೆಯುತ್ತಾ ಜೋರಾಗಿ ಓದಿದಳು: “ಚೆಲುವಯ್ಯನವರ ಮಾತು. ಮರಿಸ್ವಾಮಯ್ಯನವರು ತಮ್ಮ ವಾಚನದ ಪ್ರತಿಯ ಅಂಚಿನಲ್ಲಿ ದಾಖಲಿಸಿದ್ದು. ನೀಲಮ್ಮನವರ ಸಂಗ್ರಹ.”

“ನನ್ನದೂ ಯಾಕಮ್ಮ?” ಎಂದರು ನೀಲಮ್ಮನವರು, ಸೆರಗು ಸರಿಮಾಡಿಕೊಳ್ಳುತ್ತಾ.

“ಪುಸ್ತಕ ಎಲ್ಲಿ ಸಿಗತ್ತೆ ಅಂತ ಮುಂದೆ ಓದೋರಿಗೆ ಗೊತ್ತಾಗಬೇಕಲ್ಲ, ಅಜ್ಜಿ. ಬಂದು ನೋಡೋರಿಗೆ ಕಾಯಿ ಸುಲಿಯೋಕೆ ಕೊಡಿ.”

ಸಾಲು ನಮ್ಮ ಕಣ್ಣೆದುರೇ ಒಣಗಿತು. ಮೊದಲು ‘ಓದುವವನು’ ಮಂಕಾಯಿತು, ಆಮೇಲೆ ‘ಉಸಿರು’, ಹೀಗೆ ಎಡದಿಂದ ಬಲಕ್ಕೆ, ಯಾರೋ ಓದಿಕೊಂಡು ಹೋದ ಹಾಗೆ. ಕೊನೆಯ ಚುಕ್ಕಿ ಒಣಗಿದಾಗ ವಾರಿಜ ಕಣ್ಣು ಮುಚ್ಚಿ, ಹನ್ನೊಂದು ದಿನದಿಂದ ಒಳಗೇ ಇಟ್ಟುಕೊಂಡಿದ್ದ ಉಸಿರನ್ನು ಬಿಟ್ಟಳು. ನೀಲಮ್ಮನವರು ಅವಳ ಎಣ್ಣೆಯ ತಲೆಯ ಮೇಲೆ ಕೈಯಿಟ್ಟು, “ಹೋಗಿ ಕೊಟ್ಟು ಬಾರಮ್ಮ. ರಾತ್ರಿಗೆ ಹಿತಕಿದವರೆ ಸಾರು. ನಿಮ್ಮಮ್ಮನ್ನೂ ಕರ್ಕೊಂಡ್ ಬಾ,” ಎಂದರು.

ನಾಲ್ಕಕ್ಕೆ ಜಗಲಿಗೆ ಮರಳಿದೆವು. ಮುನ್ನೂರು ಪುಟ ಹೊಲಿದು, ಬೆನ್ನಿಗೆ ಅಂಟು ಬಳಿದು, ಹಸಿರು ರಟ್ಟು ಕೂರಿಸಿದೆ. ಇಷ್ಟು ಬೇಗ, ಇಷ್ಟು ನೇರವಾಗಿ ನಾನು ಎಂದೂ ಕಟ್ಟಿರಲಿಲ್ಲ. ನೂರಹನ್ನೆರಡನೇ ಪುಟ ಬಂದಾಗ ಮಾತ್ರ ಕೈ ತುಸು ನಿಧಾನವಾಯಿತು. ಗೆರೆ ಎಳೆದ ಎರಡು ತಪ್ಪು ಅಂಕಿತಗಳು, ಅವುಗಳ ಕೆಳಗೆ ನನ್ನ ಹೆಸರು. ಶಾಯಿಯಲ್ಲಿ ನನ್ನ ಹೆಸರನ್ನು ನಾನು ನೋಡಿದ್ದು ಇವತ್ತೇ ಮೊದಲು.

ಐದಕ್ಕೆ ಹತ್ತು ನಿಮಿಷವಿರುವಾಗ ರೇವಮ್ಮ ಕಿಟಕಿಯಲ್ಲಿ ಪ್ರಬಂಧ ತೆಗೆದುಕೊಂಡು, ಬೇರೆ ಪುಟ ಬಿಟ್ಟು ನೇರ ಅದೇ ಪುಟ ತೆರೆದು ಬಟ್ಟೆ ಒತ್ತಿದರು. ಬಟ್ಟೆ ಬೆಳ್ಳಗೆ ಬಂತು. “ಆಹಾ,” ಎಂದರು. ಆಮೇಲೆ ಹೊತ್ತಿಲ್ಲವೆಂದು ಅಲ್ಲೊಂದು ಇಲ್ಲೊಂದು ಪುಟ ಒತ್ತುತ್ತಾ ಹೋದರು, ಕೊನೆಯ ಆಕರಗಳ ಪಟ್ಟಿಯವರೆಗೆ. ಅಲ್ಲೂ ನನ್ನ ಹೆಸರು, ಅಕಾರಾದಿಯಲ್ಲಿ, ಕಾಲೇಜಿನ ದೊಡ್ಡ ದೊಡ್ಡ ಪಂಡಿತರ ನಡುವೆ ಕೂತಿತ್ತು. ಅದನ್ನು ವಾರಿಜ ಯಾವಾಗ ಸೇರಿಸಿದಳೋ ತಿಳಿಯದು. ರೇವಮ್ಮ ಮೊಹರು ಎತ್ತಿದವರು ಹಾಗೇ ನಿಲ್ಲಿಸಿದರು.

“ಆಕರದವರು ಬದುಕಿದಾರಾ?”

“ಇಲ್ಲೇ ನಿಂತಿದಾರೆ, ಮೇಡಂ,” ಎಂದಳು ವಾರಿಜ.

“ಹಾಗಾದ್ರೆ ಒಪ್ಪಿಗೆ ಸಹಿ ಬೇಕು. ಇದು ನನ್ನ ಮಾತು ಅಂತ ಒಂದು ಸಾಲು ಬರ್ದು ಕೆಳಗೆ ಹೆಸರು ಹಾಕ್ಲಿ. ಗುರುಗಳ ಹೆಸರಿದ್ದಾಗ ಇದು ಬೇಕಿರಲಿಲ್ಲ, ಪಾಪ, ಅವರಿಲ್ವಲ್ಲ.” ಒಂದು ಹಳದಿ ಕಾಗದವನ್ನೂ ಶಾಯಿಯ ಪೆನ್ನನ್ನೂ ಕಿಟಕಿಯಿಂದ ನನ್ನ ಕಡೆ ತಳ್ಳಿದರು. “ಬೇಗ, ಚೆಲುವಯ್ಯನೋರೆ. ಆರು ನಿಮಿಷ ಇದೆ.”

ಇದು ನನ್ನ ಮಾತು. ಮೂರೇ ಪದ. ಇಷ್ಟು ವರ್ಷದಲ್ಲಿ ಆ ಮೂರು ಪದಗಳನ್ನು ನಾನು ಆಡಿದವನಲ್ಲ, ಬರೆದವನಲ್ಲ. ಬರೆದು, ಅದು ಒಣಗದೇ ಹೋದರೆ? ಹಿಂದೆ ವಾರಿಜ ಕಾಯುತ್ತಿದ್ದಳು. ಮನಸ್ಸು ಹಗುರಾಗೇ ಇತ್ತು, ಅಂಜಿಕೆ ಉಳಿದದ್ದು ಕೈಯಲ್ಲಿ ಮಾತ್ರ. ಕೈ ಪೆನ್ನು ಬಿಟ್ಟು ತಾನಾಗಿಯೇ ಕಿವಿಯ ಮೇಲಕ್ಕೆ ಹೋಯಿತು.

“ತಾಯಿ, ಪೆನ್ಸಿಲ್‌ನಲ್ಲಿ ಬರೀಲಾ?” ಎಂದು ಕೇಳಿದೆ.

“ಆಗಲ್ಲ,” ಎಂದರು ರೇವಮ್ಮ.